ಸುತ್ತುವುದು ತಲೆ, ತೊಳಸುವುದು ಹೊಟ್ಟೆ

‘ತಲೆ ಸುತ್ತಿದರೆ ಹೊಟ್ಟೆ ಯಾಕೆ ತೊಳಸುತ್ತದೆ? ಮೈಯೆಲ್ಲ ಯಾಕೆ ಬೆವರುತ್ತದೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ‘ಪಿತ್ತ ಕೆರಳಿದೆ’ ಎನ್ನುವುದು ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ. ಆದರೆ ಬಹಳಷ್ಟು ಸಲ ಇದರ ಮೂಲ ಇರುವುದು ಒಳಗಿವಿಯಲ್ಲಿ. ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿಕೊಟ್ಟವರು ಹನ್ನೊಂದು ಮಂದಿ ಕಿವುಡರು.

1950ರ ದಶಕದ ಕೊನೆ. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಸಿದ್ಧತೆ ನಡೆದಿತ್ತು. ಅಮೆರಿಕದ ನೌಕಾಪಡೆಯ ವೈದ್ಯ ಆಷ್ಟನ್ ಗ್ರೇಬಿಯಲ್ ಅವರ ತಂಡ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನಿಂದ ಈ ಹನ್ನೊಂದು ಮಂದಿಯನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೆನಿಂಜೈಟಿಸ್‌ನಿಂದ ಕಿವುಡಾದವರು. ಅದೇ ಕಾಯಿಲೆ ಒಳಗಿವಿಯ ಸಮತೋಲನದ ಅಂಗವನ್ನೂ ಹಾಳುಗೆಡವಿತ್ತು. ಹಾಗಾಗಿ ಎಷ್ಟು ತಿರುಗಿಸಿದರೂ ಅವರಿಗೆ ವಾಕರಿಕೆ ಬರುತ್ತಿರಲಿಲ್ಲ. ನಾಲ್ವರು ನಿಮಿಷಕ್ಕೆ 10 ಸುತ್ತು ತಿರುಗುವ ಕೋಣೆಯಲ್ಲಿ 12 ದಿನ ಕಳೆದರು. ನೋವಾ ಸ್ಕೋಷಿಯಾ ಬಳಿಯ ಕಡಲಲ್ಲಿ ಹಡಗು ಹೊಯ್ದಾಡುತ್ತಿದ್ದರೆ ಇವರು ಆರಾಮಾಗಿ ಇಸ್ಪೀಟಾಡುತ್ತಿದ್ದರು. ಸಂಕಟ ತಾಳಲಾರದೆ ಪ್ರಯೋಗ ನಿಲ್ಲಿಸಿದವರು ವಿಜ್ಞಾನಿಗಳು!

ಒಳಗಿವಿ ಸುಮ್ಮನಿದ್ದರೆ ಹೊಟ್ಟೆಯೂ ಸುಮ್ಮನಿರುತ್ತದೆ ಎಂದಾಯಿತು. ಇವೆರಡರ ನಂಟಿಗೆ ಕಾರಣ ಮಿದುಳುಕಾಂಡದಲ್ಲಿದೆ. ಒಳಗಿವಿಯ ನರ ಬಂದು ಸೇರುವ ಕೇಂದ್ರ, ಹೊಟ್ಟೆಯ ಸುದ್ದಿ ತರುವ ವೇಗಸ್ ನರದ ಕೇಂದ್ರ, ರಕ್ತನಾಳಗಳನ್ನು ಬಿಗಿಹಿಡಿಯುವ ಕೇಂದ್ರ, ಇವೆಲ್ಲ ಒಂದೇ ವಠಾರದ ಮನೆಗಳು. ಒಂದು ಮನೆಯ ಗಲಾಟೆ ಇನ್ನೊಂದಕ್ಕೆ ತಕ್ಷಣ ಮುಟ್ಟುತ್ತದೆ. ಸ್ವಾಯತ್ತ ನರಮಂಡಲ ನಮ್ಮ ಅಪ್ಪಣೆ ಕೇಳದೆಯೇ ಬೆವರು, ವಾಕರಿಕೆ, ಎದೆಬಡಿತ ಶುರುಮಾಡುತ್ತದೆ.

ಈ ಸಂಬಂಧ ದೇಹಕ್ಕೆ ಬೇಕೇಬೇಕು. ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಕ್ಕಿಳಿಯುತ್ತದೆ. ಕುತ್ತಿಗೆಯ ಒತ್ತಡಗ್ರಾಹಿಗಳು ಎಚ್ಚರಗೊಳ್ಳುವುದು ಒತ್ತಡ ಇಳಿಯತೊಡಗಿದ ಮೇಲೆ. ಕಿವಿಗೆ ಮಾತ್ರ ತಲೆ ಮೇಲೇಳುತ್ತಿರುವುದು ಆಗಲೇ ಗೊತ್ತಾಗಿರುತ್ತದೆ; ಅದು ರಕ್ತನಾಳಗಳ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. 1974ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಕ್ಕುಗಳ ಸಮತೋಲನದ ನರ ಕತ್ತರಿಸಿ ಅವನ್ನು ತಲೆ ಮೇಲಾಗಿ ಓರೆಮಾಡಿದರು. ರಕ್ತದೊತ್ತಡ ಮಾಮೂಲಿಗಿಂತ ಹೆಚ್ಚು ಕುಸಿಯಿತು. ಒಳಗಿವಿ ಕೆಟ್ಟಾಗ ಹುಸಿ ಸುದ್ದಿಯೂ ಇದೇ ದಾರಿಯಲ್ಲಿ ಹೋಗುತ್ತದೆ.

ತಲೆಸುತ್ತಿಗೆ ಬಿ.ಪಿ. ನೋಡಿಸಿಕೊಂಡು, ಗ್ಯಾಸಿನ ಮಾತ್ರೆ ನುಂಗಿ ಸುಮ್ಮನಾಗುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ ರಕ್ತದೊತ್ತಡವನ್ನು ಅನುಮಾನಿಸಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಕೋಣೆ ಗಿರ್ರನೆ ತಿರುಗಿ, ಕೆಲ ಕ್ಷಣಗಳಲ್ಲಿ ನಿಂತರೆ, ಒಳಗಿವಿಯ ಕ್ಯಾಲ್ಸಿಯಂ ಹರಳುಗಳು ಜಾರಿರುವ ಸಂಭವ ಹೆಚ್ಚು. ಇದಕ್ಕೆ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲೆ ವಿಧಾನವಿದೆ. ಹಲವರಿಗೆ ಒಂದೇ ಸಲಕ್ಕೆ ವಾಸಿಯಾಗುತ್ತದೆ. ಸುತ್ತಿನ ಜತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನಡೆಯಲು ಆಗದಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.