ಪರದೇಶಕ್ಕೆ ಬಂದ ಹಿರಿಯರು: ಊರು ತೋರಿಸುವ ಮುನ್ನ ಪಾದ ನೋಡಿರಿ

ಸದ್ಭಕ್ತರ ಅನೇಕ ಮನೆತನಗಳಲ್ಲಿ ಇಂದು ಒಬ್ಬ ಮಗನೋ ಮಗಳೋ ಹೊರದೇಶದಲ್ಲಿ ಕಾಯಕ ನಿರತರಾಗಿದ್ದಾರೆ. ಅಂಥವರ ಮನೆಗೆ ತಂದೆ-ತಾಯಿಯರು ಬರುವುದೆಂದರೆ ಹಬ್ಬವೇ ಸರಿ. ಊರನ್ನೆಲ್ಲ ತೋರಿಸಬೇಕೆಂಬುದು ಮಕ್ಕಳ ಉತ್ಸಾಹ. ಅವರ ಸಂತೋಷಕ್ಕೆ ಭಂಗ ಬರಬಾರದೆಂಬುದು ಹಿರಿಯರ ಸಂಕೋಚ. ಇವೆರಡರ ನಡುವೆ ದೇಹದ ಅಳಲು ಯಾರಿಗೂ ಕೇಳಿಸದೆ ಹೋಗುತ್ತದೆ. ಲಂಡನ್ನಿನ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವು ಇತರರಿಗೂ ಎಚ್ಚರಿಕೆಯಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ತಂದೆಯವರಿಗೆ ಎಪ್ಪತ್ತೊಂದು ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಏಪ್ರಿಲ್ ತಿಂಗಳ ಚಳಿಗೆಂದು ನಾನೇ ಹೊಸ ಬೂಟುಗಳನ್ನು ಕೊಡಿಸಿದ್ದೆ. ಬಂದ ಮೂರನೆಯ ದಿನ, ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವಣ್ಣನವರ ಪ್ರತಿಮೆಯ ದರ್ಶನಕ್ಕೆ ಹೊರಟೆವು. ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿಳಿದು, ಸಂಸತ್ ಭವನವನ್ನು ನೋಡಿ, ಸೇತುವೆ ದಾಟಿ, ನದಿಯ ಬದಿಯಲ್ಲಿ ನಡೆದೇ ಹೋದೆವು. ತಂದೆಯವರು ಬಹಳ ಹೊತ್ತು ಕೈಮುಗಿದು ನಿಂತರು. ಅಲ್ಲಿಗೇ ಮನೆಗೆ ಮರಳಬಹುದಿತ್ತು. ಆದರೆ ನನ್ನ ಪಟ್ಟಿ ಮುಗಿದಿರಲಿಲ್ಲ. ಟ್ರಫಾಲ್ಗರ್ ಚೌಕ, ಅಲ್ಲಿಂದ ಅರಮನೆ, ಹೀಗೆ ಸಂಜೆಯವರೆಗೂ ನಡೆಸಿದೆ.

ರಾತ್ರಿ ಲಿಂಗಪೂಜೆಗೆ ಮುನ್ನ ಕೈಕಾಲು ತೊಳೆಯಲೆಂದು ಅವರು ಕಾಲುಚೀಲ ತೆಗೆದಾಗ, ಎಡ ಹಿಮ್ಮಡಿಯ ಬಳಿ ರಕ್ತದ ಕಲೆ ಕಂಡಿತು. ಬೊಬ್ಬೆ ಎದ್ದು ಒಡೆದಿತ್ತು. “ಯಾಕ ಹೇಳಲಿಲ್ಲಪ್ಪಾ?” ಎಂದೆ. “ನೋವ ಆಗಿಲ್ಲೋ ತಮ್ಮಾ, ನನಗ ಗೊತ್ತs ಆಗಲಿಲ್ಲ” ಎಂದರು. ಅವರು ನೋವನ್ನು ಮುಚ್ಚಿಟ್ಟಿರಲಿಲ್ಲ. ನೋವೇ ಅವರಿಗೆ ತಿಳಿದಿರಲಿಲ್ಲ.

ನೋವಿಲ್ಲದಿರುವುದೇ ಅಪಾಯ

ಮರುದಿನ ವೈದ್ಯರು ಇದನ್ನು ವಿವರಿಸಿದರು. ಸಕ್ಕರೆ ಕಾಯಿಲೆ ಬಹುಕಾಲವಿದ್ದಾಗ ಪಾದದ ನರಗಳು ಸ್ಪರ್ಶಶಕ್ತಿಯನ್ನು ಕಳೆದುಕೊಳ್ಳುತ್ತವೆ, ರಕ್ತಸಂಚಾರವೂ ಕುಂದಬಹುದು. ಗಾಯವಾದರೂ ಅರಿವಾಗದು, ಆದ ಗಾಯ ಬೇಗ ಮಾಯದು. ಸೋಂಕು ಮೂಳೆಗೆ ಇಳಿದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಪುಣ್ಯವಶಾತ್ ನಾವು ಅಂದೇ ನೋಡಿದ್ದೆವು. ಎರಡು ವಾರಗಳ ಶುಶ್ರೂಷೆ ಮತ್ತು ವಿಶ್ರಾಂತಿಯಿಂದ ಗಾಯ ಮಾಯಿತು.

ಪಾದಗಳ ಆರೈಕೆ

ಪ್ರವಾಸಕ್ಕೆಂದು ಹೊಸ ಪಾದರಕ್ಷೆಗಳನ್ನು ಧರಿಸಬಾರದು. ತಿಂಗಳ ಮೊದಲೇ ಕೊಂಡು, ಮನೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಧರಿಸಿ ರೂಢಿ ಮಾಡಿಕೊಳ್ಳಬೇಕು. ಧರಿಸುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮಡಿಕೆಗಳಿಲ್ಲವೆಂದು ನೋಡಬೇಕು. ಪ್ರತಿ ರಾತ್ರಿ ಅಂಗಾಲು, ಹಿಮ್ಮಡಿ ಮತ್ತು ಬೆರಳ ಸಂದುಗಳನ್ನು ಪರೀಕ್ಷಿಸಬೇಕು. ಬಾಗಲಾರದವರಿಗೆ ಮಕ್ಕಳೇ ನೋಡಬೇಕು. ಚಳಿಯೆಂದು ಬಿಸಿನೀರಿನ ಚೀಲವನ್ನಾಗಲಿ, ಕೋಣೆಯ ಹೀಟರನ್ನಾಗಲಿ ಪಾದಗಳಿಗೆ ತಾಗಿಸಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಬೊಬ್ಬೆಯನ್ನು ಒಡೆಯಬಾರದು. ಕೆಂಪು, ಊತ, ಕೀವು ಅಥವಾ ಜ್ವರ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು.

ನೀರು, ಔಷಧ, ವಿಮೆ

ತಾಯಿಯವರದು ಬೇರೊಂದು ಸಂಕೋಚ. ಹೊರಗೆ ಶೌಚಾಲಯ ಸಿಗುವುದೋ ಇಲ್ಲವೋ ಎಂದು ಮುಂಜಾನೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಇದರಿಂದ ತಲೆಸುತ್ತು, ಮಲಬದ್ಧತೆ, ಮೂತ್ರದ ಸೋಂಕು ಉಂಟಾಗಬಹುದು. ಹೋಗುವ ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ಮೊದಲೇ ತಿಳಿದು, ಅವರಿಗೆ ಹೇಳಿಬಿಡುವುದೇ ಇದಕ್ಕೆ ಮದ್ದು.

ವಿಮಾನದಲ್ಲಿ ಹತ್ತು ಗಂಟೆಗೂ ಮೀರಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಆಗಾಗ ಎದ್ದು ನಡೆಯಬೇಕು, ಕುಳಿತಲ್ಲೇ ಹಿಮ್ಮಡಿಗಳನ್ನು ಎತ್ತಿ ಇಳಿಸುತ್ತಿರಬೇಕು. ಇನ್ಸುಲಿನ್ ಮತ್ತು ನಿತ್ಯದ ಮಾತ್ರೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದಿರುವುದರಿಂದ, ಔಷಧದ ವೇಳೆಯನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಒಳರೋಗಿಯಾದರೆ ಪ್ರವಾಸಿಗರೇ ವೆಚ್ಚ ಭರಿಸಬೇಕಾಗುತ್ತದೆ. ಆದ್ದರಿಂದ ಮೊದಲೇ ಇರುವ ಕಾಯಿಲೆಗಳನ್ನು ಮರೆಮಾಚದೆ ತಿಳಿಸಿ ವಿಮೆ ಮಾಡಿಸುವುದು ಕ್ಷೇಮ. ಅಲ್ಲಿನ ತುರ್ತು ಕರೆಯ ಸಂಖ್ಯೆ 999. ತುರ್ತಲ್ಲದ ಆರೋಗ್ಯ ಸಲಹೆಗೆ 111.

ಎರಡನೆಯ ದರ್ಶನ

ಗಾಯ ಮಾಯ್ದ ಮೇಲೆ “ಎಲ್ಲಿಗೆ ಹೋಗೋಣ?” ಎಂದು ಮೊದಲ ಬಾರಿಗೆ ನಾನು ಅವರನ್ನೇ ಕೇಳಿದೆ. ಅರಮನೆಯಾಗಲಿ ಸೇತುವೆಯಾಗಲಿ ಅವರಿಗೆ ಬೇಕಿರಲಿಲ್ಲ. “ಬಸವಣ್ಣನವರ ಹತ್ರ ಇನ್ನೊಮ್ಮೆ ಹೋಗೂಣು” ಎಂದರು. ಈ ಸಲ ಬಸ್ಸಿನಲ್ಲಿ ಹೋದೆವು. ಅಲ್ಲಿನ ಬಸ್ಸುಗಳ ನೆಲ ತಗ್ಗಾಗಿರುವುದರಿಂದ ಹಿರಿಯರಿಗೆ ಹತ್ತಿ ಇಳಿಯುವುದು ಸುಲಭ. ಬುತ್ತಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಹಂಚಿಕೊಂಡು ತಿಂದು, ನದಿಯನ್ನು ನೋಡುತ್ತ ಎರಡು ಗಂಟೆ ಕುಳಿತೆವು. ಅಂದಿಗೆ ಅದೊಂದೇ ಸ್ಥಳ. ಅಲ್ಲಿಂದ ಮುಂದೆ ದಿನಕ್ಕೊಂದು ಸ್ಥಳ, ಮಧ್ಯೆ ಒಂದು ದಿನ ಬಿಡುವು ಎಂಬುದೇ ನಮ್ಮ ನಿಯಮವಾಯಿತು.

ಇದು ಪರದೇಶಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಶ್ರೀಮಠದ ಜಾತ್ರೆಗೆ, ಪಾದಯಾತ್ರೆಗೆ ಹಿರಿಯರನ್ನು ಕರೆತರುವಾಗಲೂ ಹೀಗೆಯೇ. ಎಷ್ಟು ನೋಡಿದಿರಿ ಎಂದು ಕೇಳುವುದಕ್ಕಿಂತ, ರಾತ್ರಿ ಅವರ ಪಾದಗಳನ್ನು ನಮ್ಮ ಕೈಯಲ್ಲಿ ಹಿಡಿದು ನೋಡುವುದೇ ನಿಜವಾದ ಸೇವೆ.