ಅಭಿನಂದನೆಯೊಳಗಿನ ಸಾಂತ್ವನ

ಹೆಣ್ಣುಮಗು ಹುಟ್ಟಿದ ಮನೆಗೆ ಬರುವ ಶುಭಾಶಯಗಳಿಗೆ ಒಂದು ವಿಶೇಷ ಧಾಟಿಯಿದೆ. ‘ಮನೆಗೆ ಲಕ್ಷ್ಮಿ ಬಂದಳು’ ಎಂಬುದು ಮೊದಲ ಮಾತು; ‘ಮುಂದಿನದು ಗಂಡಾಗಲಿ’ ಎಂಬುದು ಎರಡನೆಯದು. ಮೊದಲನೆಯದು ಅಭಿನಂದನೆ, ಎರಡನೆಯದು ಸಾಂತ್ವನ. ಜರ್ಮನಿಯಲ್ಲಿ ನಮಗೆ ಮಗಳು ಹುಟ್ಟಿದಾಗ ಊರಿನಿಂದ ಬಂದ ಕರೆಗಳಲ್ಲಿ ಈ ಎರಡೂ ಇದ್ದವು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಯಾವ ನಷ್ಟವೂ ಆಗದ ಮನೆಗೆ ಸಾಂತ್ವನವೇಕೆ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು.

ಇಲ್ಲಿ ಸ್ಕ್ಯಾನಿಂಗ್ ವೇಳೆ, ‘ಗಂಡೋ ಹೆಣ್ಣೋ ತಿಳಿಯುವ ಇಷ್ಟವಿದೆಯೇ?’ ಎಂದು ವೈದ್ಯರು ಸಹಜವಾಗಿ ಕೇಳುತ್ತಾರೆ. ಮೊದಲ 12 ವಾರಗಳವರೆಗೆ ಹೇಳಬಾರದೆಂದು ಕಾನೂನಿದೆ. ಆಮೇಲೆ ಅದು ಗುಟ್ಟಲ್ಲ. ಭಾರತದಲ್ಲಾದರೋ 1994ರ ಕಾಯ್ದೆಯ ಪ್ರಕಾರ ಭ್ರೂಣಲಿಂಗ ತಿಳಿಸುವುದೇ ಅಪರಾಧ. ಕಾನೂನು ನಂಬದಿರುವುದು ವೈದ್ಯರನ್ನಷ್ಟೇ ಅಲ್ಲ, ನಮ್ಮ ಮನೆಗಳನ್ನೂ. ಆ ಅಪನಂಬಿಕೆಗೆ ಕಾರಣವಿದೆ. 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಪ್ರತಿ 1000 ಗಂಡುಮಕ್ಕಳಿಗೆ ದೇಶದಲ್ಲಿ 918 ಹೆಣ್ಣುಮಕ್ಕಳಿದ್ದರೆ, ಕರ್ನಾಟಕದಲ್ಲಿ 948. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಹತ್ಯೆ ಜಾಲ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನಾವು ಹಗುರವಾಗಿ ಆಡುವ ಸಾಂತ್ವನದ ಮಾತಿಗೂ ಆ ಆಲೆಮನೆಗೂ ನಡುವಿನ ದೂರ ನಾವಂದುಕೊಂಡಷ್ಟು ಹೆಚ್ಚಿಲ್ಲ.

ಹೆರಿಗೆಯ ನಂತರದ ದಿನಗಳು ಇನ್ನೊಂದು ಸಂಗತಿಯನ್ನು ಕಾಣಿಸಿದವು. ನಮ್ಮ ಬಾಣಂತನ ಬಹು ಶ್ರೇಷ್ಠ ಪದ್ಧತಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯದ ಊಟ, ತಿಂಗಳುಗಟ್ಟಲೆ ವಿಶ್ರಾಂತಿ ಎಲ್ಲವೂ ಅದರಲ್ಲಿವೆ. ಆದರೆ ಅದರ ಭಾರವನ್ನು ಹೊತ್ತವರು ಯಾರು? ಬಾಣಂತಿಯ ತಾಯಿ, ಅತ್ತಿಗೆ, ಚಿಕ್ಕಮ್ಮ. ಒಬ್ಬ ಹೆಣ್ಣಿನ ವಿಶ್ರಾಂತಿಗೆ ಇನ್ನೊಬ್ಬಳು ದಣಿಯಬೇಕು. ಮಗುವಿನ ಅಪ್ಪ ವಾರಾಂತ್ಯಕ್ಕೆ ಬಂದು ತೊಟ್ಟಿಲು ನೋಡಿ ಹೋಗುವ ಅತಿಥಿ. ಇಲ್ಲಿ ಆ ಹಿರಿಯ ಕೈಗಳಿರುವುದಿಲ್ಲ. ಹೆರಿಗೆಯಾದ ಮೊದಲ ಹತ್ತು ದಿನ ಸೂಲಗಿತ್ತಿ ಪ್ರತಿದಿನವೂ ಮನೆಗೇ ಬರಬಹುದು. ಅನಂತರವೂ ಹನ್ನೆರಡು ವಾರಗಳವರೆಗೆ ಅವಳ ನೆರವು ದೊರೆಯುತ್ತದೆ. ವೆಚ್ಚ ಸಾರ್ವಜನಿಕ ಆರೋಗ್ಯ ವಿಮೆಯದು. ನಮ್ಮಲ್ಲಿಗೆ ಬರುತ್ತಿದ್ದಾಕೆ ಮಗುವನ್ನು ಮೀಯಿಸುವುದು, ತೇಗಿಸುವುದು, ಹೊಕ್ಕುಳು ಒರೆಸುವುದು ಎಲ್ಲವನ್ನೂ ನನ್ನ ಕೈಯಿಂದ ಮಾಡಿಸಿದಳು. ಗಂಡಸೆಂಬ ರಿಯಾಯಿತಿ ಇರಲಿಲ್ಲ. ಈ ಕೆಲಸಗಳಿಗೆ ಮೊಲೆಹಾಲು ಬೇಕಿಲ್ಲ, ಎರಡು ಕೈ ಸಾಕು.

ಇದನ್ನು ಕೇಳಿದವರು ‘ಆ ದೇಶದ ಗಂಡಸರೇ ಹಾಗೆ’ ಎನ್ನುವುದುಂಟು. ಅದು ಪೂರ್ಣ ಸತ್ಯವಲ್ಲ. 1977ರವರೆಗೆ ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ ಮನೆವಾರ್ತೆ ಹೆಂಡತಿಯ ಹೊಣೆಯಾಗಿತ್ತು. ಸಂಸಾರದ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರಷ್ಟೇ ಅವಳು ಹೊರಗೆ ದುಡಿಯಬಹುದಿತ್ತು. ದಾಂಪತ್ಯದೊಳಗಿನ ಅತ್ಯಾಚಾರವನ್ನು ಅತ್ಯಾಚಾರವೆಂದೇ ಕಾನೂನು ಪರಿಗಣಿಸಿದ್ದು 1997ರಲ್ಲಿ. ಇಂದಿಗೂ ಹೆಂಗಸರ ಸರಾಸರಿ ಗಂಟೆ ವೇತನ ಗಂಡಸರಿಗಿಂತ ಶೇ 16ರಷ್ಟು ಕಡಿಮೆ ಎಂದು 2024ರ ಸರ್ಕಾರಿ ಅಂಕಿಅಂಶ ಹೇಳುತ್ತದೆ. ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಿಯನ್ನು ಹೀಗಳೆಯಲು ‘ರಾಬೆನ್‌ಮುಟರ್’, ಅಂದರೆ ಕಾಗೆಯಂಥ ತಾಯಿ, ಎಂಬ ಪದವೇ ಜರ್ಮನ್ ಭಾಷೆಯಲ್ಲಿದೆ. ಕೆಲಸಕ್ಕೆ ಹೋಗುವ ತಂದೆಯನ್ನು ಹೀಗಳೆಯಲು ಅಂಥ ಬಳಕೆಯ ಬೈಗುಳವಿಲ್ಲ.

ಬದಲಾದದ್ದು ಸ್ವಭಾವವಲ್ಲ, ಏರ್ಪಾಡು. 2007ರಿಂದ ಇಲ್ಲಿ ‘ಎಲ್ಟರ್ನ್‌ಗೆಲ್ಡ್’ ಎಂಬ ಪೋಷಕ ಭತ್ಯೆಯಿದೆ. ಮಗುವಿಗಾಗಿ ಮನೆಯಲ್ಲಿರುವ ತಾಯಿಗೋ ತಂದೆಗೋ ಕೈಗೆ ಬರುತ್ತಿದ್ದ ಸಂಬಳದ ಸುಮಾರು ಮೂರನೇ ಎರಡು ಭಾಗವನ್ನು, ತಿಂಗಳಿಗೆ ಗರಿಷ್ಠ 1800 ಯೂರೊವರೆಗೆ, ಸರ್ಕಾರ ಕೊಡುತ್ತದೆ. ಒಬ್ಬರಿಗೆ 12 ತಿಂಗಳು ಮಿತಿ. ಇಬ್ಬರೂ ಹಂಚಿಕೊಂಡರೆ ಮಾತ್ರ 14 ತಿಂಗಳು. ಅಪ್ಪ ಮನೆಯಲ್ಲಿ ಕೂರದಿದ್ದರೆ ಆ ಎರಡು ತಿಂಗಳ ಹಣ ಹೋಯಿತೆಂದೇ ಲೆಕ್ಕ. ಉಪದೇಶ ಮಾಡಲಾಗದ್ದನ್ನು ಈ ಲೆಕ್ಕ ಮಾಡಿತು. ಇಂದಿಗೂ ಬಹುಪಾಲು ತಂದೆಯರು ಎರಡೇ ತಿಂಗಳಿಗೆ ನಿಲ್ಲುತ್ತಾರೆ. ಆದರೆ ಆ ಎರಡು ತಿಂಗಳು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಇನ್ನೊಂದು ಏರ್ಪಾಡು ಕಣ್ಣಿಗೆ ಕಾಣದ್ದು. ಹೆರಿಗೆಯ ಮುಂಚಿನ ಆರು ವಾರ, ನಂತರದ ಎಂಟು ವಾರಗಳ ರಜೆಯಲ್ಲಿ ಮಾಲೀಕ ಕೊಡುವ ಹಣವನ್ನು ಒಂದು ಸಾಮಾನ್ಯ ನಿಧಿ ಅವನಿಗೆ ಮರಳಿಸುತ್ತದೆ. ಆ ನಿಧಿಗೆ ಗಂಡಸರನ್ನಷ್ಟೇ ನೇಮಿಸಿಕೊಂಡ ಮಾಲೀಕನೂ ಪಾಲು ಕೊಡಲೇಬೇಕು. ಹೀಗಾಗಿ ಹೆಣ್ಣನ್ನು ನೇಮಿಸಿಕೊಳ್ಳದೆ ಉಳಿಸಬಹುದಾದದ್ದೇನೂ ಇಲ್ಲ. ಭಾರತದಲ್ಲಿ 2017ರ ತಿದ್ದುಪಡಿ ತಾಯಂದಿರ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿತು. ಅದು ಉದಾರವಾದ ಹೆಜ್ಜೆಯೇ. ಆದರೆ ಸಂಬಳದ ಹೊರೆ ಮಾಲೀಕನ ಮೇಲೆಯೇ ಬಿತ್ತು. ಖಾಸಗಿ ಕಂಪನಿಗಳ ತಂದೆಯರಿಗೆ ಕಾನೂನು ಒಂದು ದಿನವನ್ನೂ ಕೊಡಲಿಲ್ಲ. ಸಂದರ್ಶನದಲ್ಲಿ ‘ಮದುವೆಯಾಗಿದೆಯೇ? ಮಕ್ಕಳ ಯೋಚನೆ ಇದೆಯೇ?’ ಎಂಬ ಪ್ರಶ್ನೆ ಹೆಣ್ಣಿಗೆ ಮಾತ್ರ ಎದುರಾಗುವುದು ಇದರಿಂದಲೇ.

ಹೊರದೇಶಕ್ಕೆ ಹೊರಡಲು ಅಣಿಯಾಗುತ್ತಿರುವ ತರುಣರಿಗೆ ಒಂದು ಮಾತು. ವೀಸಾ, ಭಾಷಾ ಪರೀಕ್ಷೆ, ಸಂಬಳಗಳ ಜೊತೆಗೆ ಪೋಷಕರ ರಜೆಯ ನಿಯಮಗಳನ್ನೂ ಓದಿಕೊಳ್ಳಿ. ಹೆರಿಗೆಗೆಂದು ಅತ್ತೆಯವರಿಗೋ ಅಮ್ಮನಿಗೋ ಮೂರು ತಿಂಗಳ ಪ್ರವಾಸಿ ವೀಸಾ ಮಾಡಿಸುವ ಮುನ್ನ ನಿಮಗೆ ಸಲ್ಲುವ ರಜೆ ಎಷ್ಟೆಂದು ನೋಡಿ. ಅವರು ಮೊಮ್ಮಗುವನ್ನು ಮುದ್ದಾಡಲು ಬರಲಿ, ಅಡುಗೆಮನೆ ಕಾಯಲು ಅಲ್ಲ.

ಊರಿನ ಬಂಧುಗಳಿಗೂ ಒಂದು ಮಾತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು. ಇಡೀ ದೇಶ ಆ ಹಾದಿಗೆ ಬಂದದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರ ನಡುವಿನ ವಿಭಾಗದ ದಿನ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಸೀರೆ ಕುಂಕುಮ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಿಂತಿಲ್ಲ. ಸಹಿ ಹಾಕುವವರೂ ಪ್ರೀತಿಯಿಂದಲೇ ಹಾಕುತ್ತಾರೆ, ತವರಿನ ಬಾಗಿಲು ಮುಚ್ಚದಿರಲೆಂಬ ಭಯವನ್ನು ಒಳಗಿಟ್ಟುಕೊಂಡು. ನಮ್ಮ ಕುಟುಂಬಗಳಲ್ಲಿ ಇನ್ನೂ ಎಷ್ಟೋ ವಿಭಾಗಪತ್ರಗಳು ಬರೆಯುವುದಕ್ಕಿವೆ. ಅವುಗಳಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲಿ, ಅದರ ಮುಂದೆ ಅವರ ಪಾಲೂ ಇರಲಿ. ನನ್ನ ಮಗಳಿಗೆ ಉಡುಗೊರೆ ಏನು ಕಳಿಸಲಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.