ನಿಮಗಿದು ಗೊತ್ತೇ?: ಮದ್ದಾದ ಬಣ್ಣ, ಪರ್ವತದ ಬೇರು ತೋರಿಸಿದ ಸರ್ವೇ

● 1856. ಲಂಡನ್ನಿನ 18ರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದು ಕ್ವಿನೈನ್ ತಯಾರಿಸಲು ಹೊರಟ. ಪಾತ್ರೆಯಲ್ಲಿ ಉಳಿದದ್ದು ಕಪ್ಪು ಗಸಿ. ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಸೊಗಸಾದ ನೇರಳೆ ಬಣ್ಣ! ಸೈಮನ್ ಗಾರ್‌ಫೀಲ್ಡ್ ಅವರ ‘ಮೋವ್’ (2000) ಪುಸ್ತಕ ಈ ಬಣ್ಣದ ಕಥೆ.

● ಅಲ್ಲಿಂದ ಬೆಳೆದ ಕೃತಕ ಬಣ್ಣಗಳ ಉದ್ಯಮ ಸೀರೆ, ಶಾಲಿಗಷ್ಟೇ ಒದಗಲಿಲ್ಲ. ವಾಲ್ತರ್ ಫ್ಲೆಮಿಂಗ್ ಜೀವಕೋಶದೊಳಗಿನ ಕ್ರೋಮೋಸೋಮುಗಳನ್ನು ಕಂಡದ್ದು, 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಪತ್ತೆಮಾಡಿದ್ದು ಇಂಥ ಬಣ್ಣ ಹಾಕಿಯೇ. 1891ರಲ್ಲಿ ಪಾಲ್ ಎರ್ಲಿಖ್, ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನೇ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟರು, ಇಬ್ಬರೂ ಚೇತರಿಸಿಕೊಂಡರು. ಪರ್ಕಿನ್ ಹುಡುಕಹೊರಟದ್ದು ಮಲೇರಿಯಾ ಮದ್ದನ್ನೇ ಅಲ್ಲವೇ?

● ಒಂದಕ್ಕೆ ಹೊರಟು ಇನ್ನೊಂದು ಸಿಕ್ಕ ಕಥೆ ಸರ್ವೇಯಲ್ಲೂ ಉಂಟು. ಡಾವಾ ಸೊಬೆಲ್ ಅವರ ‘ಲಾಂಗಿಟ್ಯೂಡ್’ (1995), ಸಮುದ್ರದಲ್ಲಿ ರೇಖಾಂಶ ತಿಳಿಯಲು ಜಾನ್ ಹ್ಯಾರಿಸನ್ ಮಾಡಿದ ಹಡಗಿನ ಗಡಿಯಾರದ ಕಥೆ. 1831ರಲ್ಲಿ ಡಾರ್ವಿನ್ ಹತ್ತಿದ ಬೀಗಲ್ ಹಡಗಿನಲ್ಲಿ ಅದೇ ಕೆಲಸದ 22 ಗಡಿಯಾರಗಳಿದ್ದವು. ಹಡಗು ಹೊರಟದ್ದೇ ಕರಾವಳಿಯ ಸರ್ವೇಗೆ, ರೇಖಾಂಶ ಗುರುತಿಸುವುದಕ್ಕೆ. ಆ ಸರ್ವೇ ಇಲ್ಲದಿದ್ದರೆ ಡಾರ್ವಿನ್ ಗಲಾಪಗೋಸ್ ಕಾಣುತ್ತಿರಲಿಲ್ಲ.

● ಈಗ ನಮ್ಮೂರಿನ ಸರ್ವೇಗೆ ಬನ್ನಿ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಾಣಸವಾಡಿ, ಅಗರಂ ನಡುವೆ ನೆಲ ಅಳೆದರು. ಕೈಯಲ್ಲಿದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಭಾರತಕ್ಕೆ ಬಂದದ್ದು ಅದು! ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಪಡಿಸುತ್ತಿದ್ದರು.

● 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾದ ಸರ್ವೇ ಉತ್ತರಕ್ಕೆ ಬೆಳೆದು ಹಿಮಾಲಯ ಮುಟ್ಟಿತು. 1856ರಲ್ಲಿ ‘15ನೇ ಶಿಖರ’ದ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಅದೇ ಇಂದಿನ ಎವರೆಸ್ಟ್. ಜಾನ್ ಕೀ ಅವರ ‘ದ ಗ್ರೇಟ್ ಆರ್ಕ್’ (2000) ಈ ಸರ್ವೇಯ ಕಥೆ.

● ನನ್ನ ಪಾಲಿಗೆ ಎವರೆಸ್ಟ್‌ಗಿಂತ ದೊಡ್ಡ ಫಲ ಬೇರೆಯೇ. ಸರ್ವೇಯಲ್ಲಿ ಲಂಬ ನೋಡಲು ಇಳಿಬಿಡುವ ತೂಗುಗುಂಡು ಹಿಮಾಲಯದ ಸೆಳೆತಕ್ಕೆ ತುಸು ವಾಲಬೇಕು. ಜಾನ್ ಪ್ರಾಟ್ ಲೆಕ್ಕದ ಪ್ರಕಾರ ಎರಡು ಠಾಣೆಗಳ ನಡುವೆ ಆ ವಾಲುವಿಕೆಯ ವ್ಯತ್ಯಾಸ ಕೋನದ ಅಳತೆಯಲ್ಲಿ ಸುಮಾರು 16 ಸೆಕೆಂಡು. ಸರ್ವೇಯಲ್ಲಿ ಕಂಡದ್ದು 5 ಸೆಕೆಂಡು ಚಿಲ್ಲರೆ! ಮಿಕ್ಕ ಸೆಳೆತ ಎಲ್ಲಿ ಹೋಯಿತು? ಬೆಟ್ಟದ ಬುಡದಲ್ಲಿ ಹಗುರವಾದ ಕಲ್ಲಿನ ಬೇರು ಆಳಕ್ಕಿಳಿದಿದೆ ಎಂದು 1855ರಲ್ಲಿ ಜಾರ್ಜ್ ಏರಿ ಉತ್ತರಿಸಿದರು. ನೆಲದ ಮೇಲಿನ ಅಳತೆ ಭೂಮಿಯ ಒಡಲನ್ನೇ ತೋರಿಸಿಬಿಟ್ಟಿತು.

ಈ ಮೂರು ಪುಸ್ತಕಗಳಲ್ಲಿ ಒಂದನ್ನೇ ಓದುವುದಾದರೆ ‘ದ ಗ್ರೇಟ್ ಆರ್ಕ್’ ಓದಿ. ಮಕ್ಕಳಿಗಾದರೆ ಪರ್ಕಿನ್ ಕಥೆಯಿಂದ ಶುರುಮಾಡಿ.